ಫ್ಯಾನಿನ ರಸ್ತೆಯಲ್ಲಿ ಒಂದು ಸಮಾಧಿ

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಹೊಲ ಇದ್ದವರು ಹೊಲದಲ್ಲೇ ಕುಣಿ ತೋಡಿ, ಕಾಲು ಮಡಚಿ ಕೂಡಿಸಿದ ಹಾಗೆಯೇ ಇಳಿಸಿ, ವಿಭೂತಿ ಹಾಕಿ ಮಣ್ಣು ಕೊಡುತ್ತಾರೆ. ಮಗನನ್ನು ತಂದೆಯ ಮಗ್ಗುಲಲ್ಲಿ ಕೂಡಿಸಬೇಕು ಎನ್ನುವುದು ನಮ್ಮ ಮನೆತನದ ಪದ್ಧತಿ. ನನ್ನ ಮಾವನವರ ಸಮಾಧಿ ಹೊಲದ ಅಂಚಿನಲ್ಲಿ, ಬೇವಿನ ಗಿಡದ ಕೆಳಗಿದೆ. ನಮ್ಮ ಮನೆಯವರು ತೀರಿಕೊಂಡ ದಿನ ಊರವರು ಅಲ್ಲಿಯೇ ಕುಣಿ ತೋಡಲು ಶುರು ಮಾಡಿದರು. ಮೊಣಕಾಲು ಆಳಕ್ಕೆ ಹಾಸುಗಲ್ಲು ತಗುಲಿತು. ಹಾರೆ ಹಾಕಿದಲ್ಲೆಲ್ಲ ಠಣ್ ಎನ್ನುವ ಸಪ್ಪಳ ಹೆಂಗಸರ ನಡುವೆ ಕೂತಿದ್ದ ನನಗೂ ಕೇಳುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಹಿರಿಯರು ತಮ್ಮೊಳಗೆ ಮಾತಾಡಿಕೊಂಡು, ಸ್ವಲ್ಪ ಮೂಡಣಕ್ಕೆ ಸರಿದು, ಮೆತ್ತಗಿದ್ದ ಕಡೆ ತೋಡಿಸಿದರು.

ಮಣ್ಣು ಮುಚ್ಚಿದ ಮೇಲೆ ನಾಯಿ ನರಿ ಕೆದರಬಾರದೆಂದು ಸುತ್ತ ಕಲ್ಲು ಇಡುತ್ತಾರೆ. ಮಣ್ಣಿಗೆ ಬಂದವರೆಲ್ಲ ಬದುವಿನಿಂದ ಕೈಗೆ ಸಿಕ್ಕ ಕಲ್ಲು ತಂದರು. ಎಲ್ಲರಿಗಿಂತ ಒಳ್ಳೆಯ ಕಲ್ಲು ತಂದವರು ಬಾಜು ಹೊಲದ ಅಣ್ಣ. ಅವರು ಮುಸಲ್ಮಾನರು, ನಮ್ಮ ಮನೆಯವರ ಜೊತೆ ಒಂದೇ ಶಾಲೆಯ ಜಗಲಿಯ ಮೇಲೆ ಬೆಳೆದವರು. ನಾಲ್ಕು ಮೂಲೆಯೂ ಸಮನಾಗಿ ಕಡಿದ ಕಲ್ಲುಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತು ತಂದು, ಅಳುತ್ತಲೇ ಸಮಾಧಿಯ ತಲೆಯ ಕಡೆ ನಿಲ್ಲಿಸಿದರು. ಕಲ್ಲುಗಳ ನೆತ್ತಿಗೆ ಕೆಂಪು ಬಣ್ಣ ಬಳಿದಿತ್ತು. ನಮ್ಮ ಕಡೆ ದೇವರ ಕಟ್ಟೆಯ ಕಲ್ಲಿಗೂ ಕೆಂಪು ಹಚ್ಚಿರುತ್ತಾರೆ, ಹೀಗಾಗಿ ಯಾರಿಗೂ ಏನೂ ಅನ್ನಿಸಲಿಲ್ಲ. ಚೆಂದ ಕಂಡಿತು, ಅಷ್ಟೇ.

ಆ ಕಲ್ಲುಗಳು ಫ್ಯಾನಿನ ರಸ್ತೆಯ ಗುರುತುಗಳಾಗಿದ್ದವು. ನಮ್ಮ ಮನೆಯವರನ್ನು ಕೂಡಿಸಿದ್ದು ಆ ರಸ್ತೆಯ ನಟ್ಟನಡುವೆ.

ಫ್ಯಾನು ಎಂದರೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಕಂಬ. ಪತ್ರಿಕೆಯಲ್ಲಿ ಅದಕ್ಕೆ ಬೇರೆ ಹೆಸರಿದೆ. ಗದಗಿನಿಂದ ಮುಂಡರಗಿಯವರೆಗೆ ಜನ ಫ್ಯಾನು ಎಂದೇ ಕರೆಯುತ್ತಾರೆ. ಗದಗ ಬೇರೆ ಜಿಲ್ಲೆಯಾದ ವರ್ಷ ನಾನು ಲಕ್ಷ್ಮೇಶ್ವರದ ಕಡೆಯಿಂದ ಡೋಣಿಯ ಆಚೆಗಿನ ಈ ಊರಿಗೆ ಸೊಸೆಯಾಗಿ ಬಂದೆ. ಆಗ ಗುಡ್ಡದ ಸಾಲಿನ ಮೇಲೆ ಬರೀ ಹುಲ್ಲು ಮತ್ತು ಕುರಿ. ಹತ್ತು ವರ್ಷ ಕಳೆಯುವುದರೊಳಗೆ ದೂರದ ದಿಬ್ಬಗಳ ಮೇಲೆ ಒಂದೊಂದೇ ಬಿಳಿ ಕಂಬ ಎದ್ದು ನಿಂತಿತು. ಕಡೆಗೆ ನಮ್ಮೂರ ಸರದಿಯೂ ಬಂತು.

ಮೊದಲ ಸಭೆ ನಡೆದದ್ದು ಶಾಲೆಯ ಪಡಸಾಲೆಯಲ್ಲಿ. ಕಂಪನಿಯ ಕಡೆಯಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಹುಬ್ಬಳ್ಳಿಯ ಹುಡುಗ, ಮೀಸೆ ಆಗಷ್ಟೇ ದಪ್ಪವಾಗಿತ್ತು. ಅವನು ಎದ್ದು ನಿಂತು, ನಮ್ಮ ದೇಶ ಜಗತ್ತಿನ ಮುಂದೆ ಮಾತು ಕೊಟ್ಟಿದೆ, ಕಲ್ಲಿದ್ದಲು ಸುಟ್ಟು ಬರುವ ಹೊಗೆಯನ್ನು ಕಡಿಮೆ ಮಾಡುತ್ತೇವೆ ಎಂದು ಒಪ್ಪಿಕೊಂಡಿದೆ, ಅದಕ್ಕೇ ಈ ಫ್ಯಾನು ಎಂದು ವಿವರಿಸಿದ.

ಹಿಂದಿನಿಂದ ಯಾರೋ ಕೇಳಿದರು: "ಜಗತ್ತಿಗೆ ಮಾತು ಕೊಟ್ಟಾರ, ಆತು. ನಮಗ ರಾತ್ರಿ ಪಂಪಸೆಟ್ಟಿಗೆ ಕರೆಂಟ್ ಯಾವಾಗ ಕೊಡ್ತಾರ?"

ಎಲ್ಲರೂ ನಕ್ಕರು, ಎಂಜಿನಿಯರನೂ ನಕ್ಕ. ನಮ್ಮ ಮನೆಯವರು ಮಾತ್ರ ನಗದೆ, ಪಕ್ಕದಲ್ಲಿ ಕೂತಿದ್ದ ದೋಸ್ತನಿಗೆ, ಅದೇ ಬಾಜು ಹೊಲದ ಅಣ್ಣನಿಗೆ, ಹೇಳಿದರಂತೆ: "ದೊಡ್ಡವರು ಕೊಟ್ಟ ಮಾತು ಕಡೀಕ ಯಾರದರ ಹೊಲದಾಗ ಬಂದ ನಿಂದರತೈತಿ ನೋಡಲೇ. ಈಗ ನಿನ್ನ ಹೊಲಕ್ಕ ಬಂದೈತಿ."

ಬಂದದ್ದು ಹೌದು. ಗುಡ್ಡಕ್ಕೆ ಹತ್ತಿದ ಅಣ್ಣನ ಹೊಲ ಬರೀ ಮರಡಿ. ಹುರುಳಿ ಬಿತ್ತಿದರೂ ಬಿತ್ತಿದಷ್ಟು ಬಾರದ ನೆಲ. ಆದರೆ ಗಾಳಿ ಅಲ್ಲಿಯೇ ಚೆನ್ನಾಗಿ ಬೀಸುತ್ತದೆಂದು ಯಂತ್ರ ಇಟ್ಟು ನೋಡಿದ್ದರು. ಕಂಬ ನಿಂತರೆ ಅವರಿಗೆ ವರ್ಷವರ್ಷವೂ ಬಾಡಿಗೆ ಬರುವುದಿತ್ತು, ಕಾವಲು ಕೆಲಸವೂ ಮನೆಯಲ್ಲಿ ಒಬ್ಬರಿಗೆ. ಆದರೆ ಅಲ್ಲಿಗೆ ಹೋಗಲು ನಮ್ಮ ಹೊಲದ ಅಂಚು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ರಸ್ತೆಗೆ ಜಾಗ ಬಿಟ್ಟವರಿಗೆ ಒಂದು ಸಲ ಕೊಟ್ಟರೆ ಮುಗಿಯಿತು. ಈ ಭೇದದಿಂದ ಬೇರೆ ಊರುಗಳಲ್ಲಿ ಅಣ್ಣತಮ್ಮಂದಿರೇ ಮಾತು ಬಿಟ್ಟದ್ದನ್ನು ನಾವು ನೋಡಿದ್ದೆವು. ನಮ್ಮ ಮನೆಯವರು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಸಭೆಯಲ್ಲೇ ಎದ್ದು, "ಇವನ ಫ್ಯಾನಿಗೆ ನನ್ನ ಹೊಲದಾಗ ದಾರಿ ಐತಿ, ಬರಕೋರಿ" ಎಂದರು. ಆ ಅಂಚು ಹೇಗೂ ಕಲ್ಲುಹರಳಿನ ಗರಸು ನೆಲ, ಕುಂಟೆ ಹಾಯುವುದೂ ಕಷ್ಟ. ಒಳಗಿನದೆಲ್ಲ ಎರೆ, ಕಪ್ಪು ಮಣ್ಣು; ಬಿಳಿಜೋಳಕ್ಕೆ, ಕಡಲೆಗೆ ಅಂಥ ನೆಲ ಸುತ್ತಲೆಲ್ಲೂ ಇಲ್ಲ.

ನಮ್ಮ ಅತ್ತೆಗೆ ಇದು ಸೇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಹೇಳಿದರು:

"ಆ ಫ್ಯಾನ್ ಮೋಡ ಓಡಸ್ತಾವು. ಮನ್ಯಾಗ ಫ್ಯಾನ್ ಹಚ್ಚಿದ್ರ ಒಲಿ ಹೊಗಿ ಓಡತೈತಿಲ್ಲೋ? ಹಂಗ."

"ಯವ್ವಾ, ಇವು ಗಾಳಿ ಬಿಡೂ ಫ್ಯಾನ್ ಅಲ್ಲ. ಗಾಳಿ ತಿನ್ನೂ ಫ್ಯಾನ್."

"ಹಂಗಾರ ಮಳಿನೂ ಹೋತು, ಗಾಳಿನೂ ಹೋತು. ಚೊಲೋ ಆತು ಬಿಡು."

ಕಲ್ಲು ನೆಟ್ಟರು, ಕೆಂಪು ಬಳಿದರು. ರಿಜಿಸ್ಟರ್ ಮಾಡುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಒಂದು ಮುಂಜಾನೆ, ಗ್ವಾದಲಿಯಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ ನಮ್ಮ ಮನೆಯವರು ಎದೆ ಹಿಡಿದುಕೊಂಡು ಅಲ್ಲೇ ಕುಸಿದರು. ಮುಂಡರಗಿ ಮುಟ್ಟುವ ಮೊದಲೇ ಮುಗಿದಿತ್ತು. ಅಣ್ಣನ ತೊಡೆಯ ಮೇಲೆ ಅವರ ತಲೆ ಇತ್ತು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇನ್ನೂ ಆಗುವುದಿಲ್ಲ.

ಸಮಾಧಿಗೆ ಹಾಲುತುಪ್ಪ ಬಿಟ್ಟು, ಬಂದ ಬೀಗರು ಒಬ್ಬೊಬ್ಬರಾಗಿ ಹೋದರು. ಮುಂಡರಗಿಯಲ್ಲಿ ಓದುತ್ತಿದ್ದ ಮಗಳನ್ನೂ ಕಾಲೇಜಿಗೆ ಕಳಿಸಿದೆ. ಅದಾದ ಮೇಲೆ ಎಂಜಿನಿಯರ್ ತನ್ನ ಕಲ್ಲು ಹುಡುಕಿಕೊಂಡು ಬಂದ. ಅಂಚಿನಲ್ಲಿ ಕಲ್ಲಿಲ್ಲ, ಕಲ್ಲು ಕಿತ್ತ ಗುಳಿ ಮಾತ್ರ ಇವೆ. ಯಾರೋ ಬೇಕೆಂದು ಕಿತ್ತಿದ್ದಾರೆ ಎಂದುಕೊಂಡು ಸಿಟ್ಟಿನಲ್ಲೇ ಬಂದವನು, ಸಮಾಧಿ ನೋಡಿ ನಿಂತುಬಿಟ್ಟ. ಬೂಟು ಬಿಚ್ಚಿದ. ಕೈ ಮುಗಿದ. ಆಮೇಲೆ ನನ್ನ ಕಡೆ ತಿರುಗಿ, ಹೇಗೆ ಕೇಳಬೇಕೋ ತಿಳಿಯದವನಂತೆ ಕೇಳಿದ:

"ಅಕ್ಕಾರ, ಇವು ನಮ್ಮ ಕಲ್ಲಲ್ಲೇನ್ರಿ?"

ನಾನು ಸೊಪ್ಪು ಕೀಳುತ್ತಿದ್ದವಳು ಎದ್ದು ಬಂದು ನೋಡಿದೆ. ಅಷ್ಟು ದಿನ ನಾನು ಕುಂಕುಮ, ಹೂವು ಇಟ್ಟಿದ್ದು ಅವೇ ಕಲ್ಲುಗಳಿಗೆ. ಅವನು ಟೇಪು ಹಿಡಿದು, ಗುಳಿಯಿಂದ ಗುಳಿಗೆ ಅಳೆದು, ತಲೆ ಅಲ್ಲಾಡಿಸಿದ. ರಸ್ತೆಯ ನಡುಗೆರೆ ನೇರವಾಗಿ ಅವರ ಮೇಲೆಯೇ ಹಾಯ್ದಿತ್ತು.

ಸುದ್ದಿ ಕೇಳಿ ಅಣ್ಣ ಗುಡ್ಡದಿಂದ ಇಳಿದು ಬಂದರು. ತಾವು ಹೊತ್ತು ತಂದ ಕಲ್ಲುಗಳನ್ನು ನೋಡಿದರು, ತಮ್ಮ ಅಂಗೈ ನೋಡಿಕೊಂಡರು. "ನನ್ನ ಕೈಯಾರೆ ನನ್ನ ಫ್ಯಾನು ಹುಗದೇನಿ" ಎಂದರು. ನಗಲು ನೋಡಿದರು, ಆಗಲಿಲ್ಲ. "ತಂಗಿ, ಈ ರಸ್ತಾ ವಿಷಯ ಇಲ್ಲಿಗೆ ಬಿಡು. ಅಂವಾ ಇಲ್ಲೇ ಕುಂತಾನ, ಇಲ್ಲೇ ಇರಲಿ. ಆ ಫ್ಯಾನ್ ಇಲ್ಲದೂ ಇಷ್ಟ ದಿನ ಉಂಡಿಲ್ಲೇನು ನಾವು?"

"ಅವರು ದಾರಿ ಕೊಡತೀನಿ ಅಂದಾರ, ಅಣ್ಣಾರ" ಎಂದೆ.

"ಅಂದಾಂವ ಇಲ್ಲಲ್ಲ."

"ಅದಕ್ಕಽ ನಾ ಕೊಡಬೇಕು."

ಗಟ್ಟಿಯಾಗಿ ಮಾತಾಡಿದವಳಲ್ಲ ನಾನು. ಆ ದಿನ ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಒಂದು ನಿರ್ಧಾರವಾದಂತೆ ಅನ್ನಿಸಿತು. ಅವರನ್ನು ಅಲ್ಲಿಂದ ಏಳಿಸಬಾರದು. ಅವರು ಕೊಡುತ್ತೇನೆಂದ ದಾರಿಯೂ ಮುಚ್ಚಬಾರದು. ಎರಡರಲ್ಲಿ ಒಂದನ್ನು ಬಿಡಲು ಹೇಳುವವರೇ ಸುತ್ತ ಇದ್ದರು. ನನಗೆ ಎರಡೂ ಬೇಕಿತ್ತು.

ಗದಗಿನಲ್ಲಿ ಕಂಪನಿಯ ಕಚೇರಿ ಒಂದು ಬಾಡಿಗೆ ಮನೆಯಲ್ಲಿತ್ತು. ಮುಂಜಾನೆ ಕೆಂಪು ಬಸ್ಸು ಹಿಡಿದು, ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದೆ. ದೊಡ್ಡ ಸಾಹೇಬರು ಇಲ್ಲ ಎನ್ನುತ್ತಿದ್ದರು, ಕಾಯುತ್ತಿದ್ದೆ. ಸೈಟಿಗೆ ಹೋಗಿದ್ದಾರೆ ಎನ್ನುತ್ತಿದ್ದರು. ಮರಳಿ ಬಂದು ಇನ್ನೊಂದು ದಿನ ಹೋಗುತ್ತಿದ್ದೆ. ಆ ಬೆಂಚಿನ ಮೇಲೆ ಕೂತಾಗ ನಮ್ಮ ಜಿಲ್ಲೆ ಎಷ್ಟು ಬದಲಾಗಿದೆ ಎಂದು ಕಣ್ಣಿಗೆ ಬಿತ್ತು. ಶಿರಹಟ್ಟಿ ಕಡೆಯ ಒಬ್ಬರು ತಮ್ಮ ಹಳೆಯ ಮನೆಗೆ ಕ್ರೇನಿನ ಹುಡುಗರು ಬಾಡಿಗೆ ಬಂದಿದ್ದಾರೆಂದು, ಆ ಬಾಡಿಗೆಯಲ್ಲಿ ಮೇಲೊಂದು ಕೋಣೆ ಕಟ್ಟಿಸುತ್ತಿದ್ದೇನೆಂದು ಹೇಳುತ್ತಿದ್ದರು. ಕುರಿ ಕಾಯುವ ಮುದುಕನೊಬ್ಬ, ಬೇಲಿ ಹಾಕಿದ್ದಕ್ಕೆ ಕುರಿ ಹಾಯುವ ದಾರಿ ತಪ್ಪಿಹೋಗಿದೆ, ಅದಕ್ಕೆ ಯಾರನ್ನು ಕೇಳಬೇಕು ಎಂದು ಎಲ್ಲರನ್ನೂ ಕೇಳುತ್ತಿದ್ದ. ಕೇಬಲ್ಲಿನ ತಗ್ಗು ತೋಡಲು ಗಂಡಾಳುಗಳೆಲ್ಲ ಹೋಗಿ, ಹೊಲಕ್ಕೆ ಆಳು ಸಿಗದಾಗಿದೆ ಎಂದು ಒಬ್ಬರು. ಅದರಿಂದಲೇ ನಮ್ಮ ಹೆಣ್ಣಾಳುಗಳ ಕೂಲಿ ಏರಿದೆ ಎಂದು ಇನ್ನೊಬ್ಬಳು. ಯಾರ ಮಾತೂ ಸುಳ್ಳಲ್ಲ. ದೇಶ ಕೊಟ್ಟ ಮಾತಿನಿಂದ ದೇಶಕ್ಕೆ ಲಾಭವೋ ನಷ್ಟವೋ ಲೆಕ್ಕ ಹಾಕಲು ನನಗೆ ಬರುವುದಿಲ್ಲ. ಆ ಒಂದೇ ಬೆಂಚಿನ ಮೇಲೆ ಒಬ್ಬರಿಗೆ ಕೋಣೆ ಬಂತು, ಒಬ್ಬರಿಗೆ ದಾರಿ ಹೋಯಿತು ಎನ್ನುವುದಷ್ಟೇ ನಾನು ಕಂಡದ್ದು.

ಕಡೆಗೆ ದೊಡ್ಡ ಸಾಹೇಬರು ಒಳಗೆ ಕರೆದರು. ಬೆಂಗಳೂರು ಕಡೆಯ ಮಾತು, ಮರ್ಯಾದಸ್ಥರು. ನೀರು ತರಿಸಿಕೊಟ್ಟರು.

"ನೋಡಿ ಅಮ್ಮಾ, ನಿಮ್ಮ ದುಃಖ ನಮಗೆ ಅರ್ಥ ಆಗುತ್ತೆ. ಸ್ವಾಮಿಗಳನ್ನ ಕರೆಸಿ, ಶಾಸ್ತ್ರ ಮಾಡಿಸಿ, ಗೌರವವಾಗಿ ಬೇರೆ ಕಡೆ ಸಮಾಧಿ ಮಾಡೋಣ. ಖರ್ಚೆಲ್ಲ ನಮ್ಮದು."

"ಕೂತವರನ್ನ ಏಳಸೂ ಪದ್ಧತಿ ನಮ್ಮಲ್ಲಿ ಇಲ್ರಿ."

"ಹಾಗಾದ್ರೆ ನಾವು ಈ ಜಾಗ ಬಿಡಬೇಕಾಗುತ್ತೆ. ಆ ಕಂಬ ಹರ್ತಿ ಕಡೆ ಹೋಗುತ್ತೆ. ನಮಗೂ ಇಷ್ಟರೊಳಗೆ ಇಷ್ಟು ನಿಲ್ಲಿಸಬೇಕು ಅಂತ ಮೇಲಿಂದ ಗುರಿ ಇದೆ. ಕಾಯೋಕಾಗಲ್ಲ."

"ಸಾಹೇಬ್ರ, ರಸ್ತಾ ಕೊಡೂದಿಲ್ಲ ಅನ್ನಾಕ ನಾ ಬಂದಿಲ್ಲ. ಕೊಡಾಕ ಬಂದೇನಿ. ಅಂಚಿನಾಗ ಆಗೂದಿಲ್ಲ ಅಂದ್ರ ಒಳಗ ಬಾಗಸ್ರಿ. ಎರಿ ಹೊಲದಾಗ ತಗೋರಿ."

ಅವರು ನನ್ನ ಮುಖ ನೋಡಿದರು. "ಬಾಗಿಸೋದು ಅಂದ್ರೆ ಎತ್ತಿನ ಗಾಡಿ ಅಲ್ಲಮ್ಮಾ. ಲಾರಿ ಮೇಲೆ ಬರೋ ಆ ರೆಕ್ಕೆ ಎಷ್ಟು ಉದ್ದ ಗೊತ್ತಾ? ಲಾರಿ ತಿರುಗೋಕೆ ಎಷ್ಟು ಜಾಗ ಬೇಕು ಗೊತ್ತಾ?"

"ಗೊತ್ತಿಲ್ರಿ. ನನ್ನ ಹೊಲದಾಗ ಬಂದು ತೋರಸ್ರಿ."

ಸಾಹೇಬರು ಎಂಜಿನಿಯರನ ಕಡೆ ನೋಡಿದರು. ಅವನು, ತಾನು ಹೋಗಿ ನೋಡಿ ಬರುತ್ತೇನೆ ಎಂದ.

ಎರೆ ಕೊಡುತ್ತೇನೆಂದು ಹೇಳಿ ಬಂದದ್ದನ್ನು ಅತ್ತೆಯ ಮುಂದೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅವರು ಕಡಲೆ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು.

"ಯಾರನ್ನ ಕೇಳಿ ಕೊಟ್ಟಿ?"

"ಅವರ ಮಾತು ಉಳೀಬೇಕಲ್ರಿ, ಅತ್ತಿ."

"ನನ್ನ ಮಗಾ ಕೊಟ್ಟದ್ದು ಗರಸು. ನೀ ಕೊಟ್ಟದ್ದು ಎರಿ. ಅವಗಿಂತ ದೊಡ್ಡ ದಾನಶೂರಳಾದೆಲ್ಲ ನಮ್ಮವ್ವಾ!" ಮತ್ತೆ ಮೊರ ಎತ್ತಿಕೊಂಡರು. "ಬರಲಿ ಆ ಹುಬ್ಬಳ್ಳಿ ಹುಡುಗ. ನಾ ನೋಡತೀನಿ."

ಅವನು ಬಂದ. ತನ್ನ ಕಂಪ್ಯೂಟರಿನಲ್ಲಿ ರಸ್ತೆಯ ಚಿತ್ರ ಬಿಡಿಸಿ ತಂದಿದ್ದ. ಬಿಸಿಲಿನಲ್ಲಿ ಆ ಪರದೆ ಕಪ್ಪಾಗಿ, ನನ್ನ ಮುಖವೇ ಕಾಣುತ್ತಿತ್ತು. ನನಗೆ ತಿಳಿಯಲಿಲ್ಲವೆಂದಾಗ ಅವನು ಸ್ವಲ್ಪ ಯೋಚಿಸಿ, "ಹಗ್ಗ ಅದಾವೇನ್ರಿ ಅಕ್ಕಾರ? ಉದ್ದಾನ ಹಗ್ಗ?" ಎಂದ. ಬಂಡಿಯ ಹಗ್ಗ, ಬಾವಿಯ ಹಗ್ಗ, ಅಣ್ಣನ ಮನೆಯ ಹೊರೆ ಕಟ್ಟುವ ಹಗ್ಗ, ಎಲ್ಲ ತಂದು ಗಂಟು ಹಾಕಿದೆವು. ಅವನು ಟೇಪು ಹಿಡಿದು ರೆಕ್ಕೆಯ ಉದ್ದಕ್ಕೆ ಸರಿಯಾಗಿ ಅಳೆದುಕೊಟ್ಟ. ನೆಲದ ಮೇಲೆ ಹಾಸಿದ ಹಗ್ಗ ನೋಡಿ ಅಣ್ಣ, "ಯಾ ಅಲ್ಲಾ, ಇದು ಊರಾಗ ಹೊಕ್ಕರ ತಲಿ ಅಗಸಿ ಬಾಗಲದಾಗ, ಬಾಲ ಕೆರ್ಯಾಗ" ಎಂದರು.

ಕಳೆ ತೆಗೆಯಲು ಬಂದಿದ್ದ ಹೆಣ್ಣಾಳುಗಳೇ ಹಗ್ಗ ಹಿಡಿದರು. ಮುಂದಿನವರು ಲಾರಿಯ ತಲೆ. ಎಂಜಿನಿಯರ್ ಸುಣ್ಣ ಚೆಲ್ಲಿದ ಗೆರೆಯ ಮೇಲೆ ಅವರು ನಡೆಯಬೇಕು. ಹಿಂದಿನವರು ಬಾಲ, ಹಗ್ಗ ಸಡಿಲ ಬಿಡದೆ ಬಂದಲ್ಲಿ ಬರಬೇಕು. ಬಾಲ ಎಲ್ಲೆಲ್ಲಿ ಹಾಯುತ್ತದೋ ಅಲ್ಲಿ ಗಿಡ, ಗೋಡೆ ಏನೂ ಇರಬಾರದು ಎಂದು ಅವನು ಮೊದಲೇ ತಿಳಿಸಿದ.

"ಬಿಗಿ ಹಿಡೀರಿ ಅಕ್ಕಾರ! ಹಗ್ಗ ಬಗ್ಗಬಾರದು. ರೆಕ್ಕಿ ಬಗ್ಗೂದಿಲ್ಲ."

"ನಮ್ಮ ಅತ್ತಿ ಹಂಗ ಅನ್ರಿ" ಎಂದಳು ತಲೆಯ ಕಡೆಯವಳು.

"ಏ, ನಾ ಇಲ್ಲೇ ಅದೀನಿ" ಎಂದರು ನಮ್ಮ ಅತ್ತೆ.

"ನಿಮಗಲ್ಲಾಯೀ, ನಮ್ಮ ಮನ್ಯಾಗಿನಾಕಿಗೆ!"

"ಎಲ್ಲಾರ ಮನ್ಯಾಗೂ ಅಕೀನ ಇರ್ತಾಳ, ನಡಿ ಮುಂದ."

ಅವರು ತೀರಿಕೊಂಡ ಮೇಲೆ ಆ ಹೊಲದಲ್ಲಿ ನಗು ಕೇಳಿದ್ದು ಅದೇ ಮೊದಲು. ನನಗೆ ಕೆಡುಕೆನಿಸಲಿಲ್ಲ. ಅವರಿದ್ದಿದ್ದರೆ ಬಾಲ ಹಿಡಿದು ಓಡುತ್ತಿದ್ದವರು ಅವರೇ.

ಮೊದಲ ಸಲ ದೊಡ್ಡ ಬಾಗು ಹಾಕಿ ನಡೆದರು. ರಸ್ತೆ ಸಮಾಧಿಯಿಂದ ದೂರ ಸರಿದು, ಎರೆಯ ನಡುವೆ ಕುಡುಗೋಲಿನ ಹಾಗೆ ಬಾಗಿ, ಮತ್ತೆ ಗುಡ್ಡದ ಕಡೆ ತಿರುಗಿತು. ಬಾಲ ಎಲ್ಲಿಯೂ ತಗುಲಲಿಲ್ಲ. ಆದರೆ ಸುಣ್ಣದ ಗೆರೆ ಹೊಲವನ್ನು ಎರಡು ತುಂಡು ಮಾಡಿತ್ತು. ಆ ಕಡೆ ಒಂದು ಚೂರು, ಈ ಕಡೆ ಒಂದು ಚೂರು; ನಡುವಿನ ಒಳ್ಳೆಯ ನೆಲವೆಲ್ಲ ರಸ್ತೆಯ ಗರಸಿನ ಕೆಳಗೆ. ಕೊಟ್ಟೇನೆಂದು ಬಾಯಲ್ಲಿ ಅಂದಿದ್ದೆ. ಕಣ್ಣಲ್ಲಿ ನೋಡಿದಾಗಲೇ ಎಷ್ಟು ಹೋಗುತ್ತದೆಂದು ತಿಳಿದದ್ದು. ಆದರೂ ನಾನು, "ಇರಲಿ, ಇದನ್ನಽ ಮಾಡ್ರಿ" ಎಂದೆ.

ಎಂಜಿನಿಯರ್ ಸಮಾಧಿಯ ಮಗ್ಗುಲನ್ನೂ ಬೇವಿನ ಗಿಡವನ್ನೂ ಮತ್ತೆ ಮತ್ತೆ ನೋಡುತ್ತಿದ್ದ. ಅತ್ತೆ ಅದನ್ನು ಹಿಡಿದರು.

"ಯಪ್ಪಾ, ಬ್ಯಾರೆ ಹಾದಿ ಐತೇನು? ಬಾಯಿ ಬಿಡು."

"ಇನ್ನೊಂದ ಐತ್ರಿ, ಆಯಿ. ಬಾಗು ಸಣ್ಣದ ಮಾಡಬಹುದು. ಸಮಾಧಿ ಮಗ್ಗಲದಾಗಽ ಹಾದು ಹೋಗತೈತಿ, ಎರಿ ಬಾಳ ಹೋಗೂದಿಲ್ಲ. ಆದರ..."

"ಆದರ ಏನು?"

ಅವನು ಹೆಂಗಸರಿಗೆ ಸನ್ನೆ ಮಾಡಿದ. ಅವರು ಮತ್ತೆ ಹಗ್ಗ ಹಿಡಿದು, ಈ ಸಲ ಸಮಾಧಿಯ ಪಕ್ಕದಿಂದ ನಡೆದರು. ತಲೆ ಸರಾಗವಾಗಿ ದಾಟಿತು. ಬಾಲ ಹಿಡಿದವರು ತಿರುಗುತ್ತ ತಿರುಗುತ್ತ ಹೋಗಿ ಬೇವಿನ ಗಿಡದ ಬೊಡ್ಡೆಗೆ ಬಂದು ನಿಂತರು. ಹಗ್ಗ ಗಿಡಕ್ಕೆ ಸುತ್ತಿಕೊಂಡಿತು. ಯಾರೂ ನಗಲಿಲ್ಲ.

ಆ ಬೇವು ಅತ್ತೆ ನೆಟ್ಟದ್ದು. ಮಾವನವರು ಹೋದ ವರ್ಷ, ಸಮಾಧಿಯ ತಲೆಯ ಕಡೆ ಸಸಿ ಇಟ್ಟು, ಬೇಸಿಗೆಯಲ್ಲಿ ಕೊಡದಿಂದ ನೀರು ಹೊತ್ತು ಬೆಳೆಸಿದ್ದರಂತೆ. ನಾನು ಬಂದಾಗ ನನ್ನ ಎತ್ತರ ಇತ್ತು. ಈಗ ಅದರ ನೆರಳಿನಲ್ಲಿ ಆಳುಗಳೆಲ್ಲ ಕೂತು ಉಣ್ಣುವಷ್ಟು. ಹಬ್ಬ ಹುಣ್ಣಿಮೆಗೆ ಅತ್ತೆ ಅಲ್ಲಿ ಒಬ್ಬರೇ ಕೂತು ಗಂಡನೊಡನೆ ಮಾತಾಡುವುದನ್ನು ನಾನು ದೂರದಿಂದ ನೋಡಿದ್ದೇನೆ. ಹೀಗಾಗಿ ನಾನು ತಕ್ಷಣ ಹೇಳಿದೆ:

"ಬ್ಯಾಡ. ಗಿಡ ಮುಟ್ಟೂದು ಬ್ಯಾಡ. ದೊಡ್ಡ ಬಾಗು ಹಾಕ್ರಿ, ಎರಿ ಹೋಗಲಿ."

"ನೀ ಬಾಯಿ ಮುಚ್ಚು" ಎಂದರು ಅತ್ತೆ. ಗಿಡದ ಹತ್ತಿರ ಹೋಗಿ, ಬೊಡ್ಡೆಗೆ ಸುತ್ತಿಕೊಂಡಿದ್ದ ಹಗ್ಗವನ್ನು ತಾವೇ ಬಿಡಿಸಿದರು. ಸುಕ್ಕುಗಟ್ಟಿದ ಕೈಗೆ ಸ್ವಲ್ಪ ಹೊತ್ತು ಹಿಡಿಯಿತು. "ಹೊಲ ಕೊಟ್ಟು, ನಾಳೆ ಈ ನೆಳ್ಳಾಗ ಕುಂತು ಏನ ಉಣ್ಣಾಕಿ? ಬೇವಿನಕಾಯಿ ಉಣ್ಣಾಕಿ?"

"ಅತ್ತಿ, ಮಾವನವರು..."

"ನಿಮ್ಮ ಮಾವಗ ಬಿಸಲ ಹೊಸದಲ್ಲ. ಇದ್ದಷ್ಟು ದಿನ ಬಿಸಲಾಗಽ ದುಡದಾನ." ಎಂಜಿನಿಯರನ ಕಡೆ ತಿರುಗಿದರು. "ತಮ್ಮಾ, ಗಿಡ ಕಡದ್ರ ಆ ನಿನ್ನ ರೆಕ್ಕಿ ಇವರಿಬ್ಬರ ಮ್ಯಾಲ ಹಾಯತೈತಿ, ಹೌದಿಲ್ಲೋ?"

"ಮ್ಯಾಲ ಗಾಳ್ಯಾಗ ಹಾಯತೈತ್ರಿ, ಆಯಿ. ನೆಲಾ ಮುಟ್ಟೂದಿಲ್ಲ."

"ಹಾಯಲಿ. ಮುಟ್ಟಿತು ಅಂದ್ರ ನಿನ್ನ ಕಿವಿ ನನ್ನ ಕೈಯಾಗ."

ಕಡಿಯುವವರನ್ನು ಹೊರಗಿನಿಂದ ಕರೆಯಲು ಅತ್ತೆ ಒಪ್ಪಲಿಲ್ಲ. ಅಣ್ಣನೇ ಕೊಡಲಿ ತಂದರು. ಮೊದಲ ಏಟು ಹಾಕುವ ಮುಂಚೆ ಅತ್ತೆಯ ಮುಖ ನೋಡಿದರು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಳುವ ಟೊಂಗೆಗಳನ್ನು ಎಳೆದು ರಾಶಿ ಹಾಕಲು ತಯಾರಾಗಿ ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಕಡೆಯ ಆಕಾಶವೆಲ್ಲ ಬಯಲಾಯಿತು. ಅತ್ತೆ ಅಳಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, "ಇವತ್ತ ಜುಣಕಾ ಮಾಡು, ಖಾರ ಜಾಸ್ತಿ ಇರಲಿ" ಎಂದರು. ನಾನು ಕಡಲೆಹಿಟ್ಟು ಕಲಸಿ ಜುಣಕಾ ಮಾಡಿದೆ. ಇಬ್ಬರಿಗೂ ಕಣ್ಣಲ್ಲಿ ನೀರು ಬಂತು, ಖಾರದ ನೆವ ಇತ್ತು.

ಸಾಹೇಬರು ಆ ಸಣ್ಣ ಬಾಗನ್ನು ಒಪ್ಪಿದರು, ರಿಜಿಸ್ಟರ್ ಆಯಿತು, ರಸ್ತೆಯೂ ಬಿತ್ತು. ಆ ವರ್ಷದ ಮಳೆಗಾಲ ಕಳೆದು ನೆಲ ಬಿಗಿಯಾದ ಮೇಲೆ ರೆಕ್ಕೆ ಬಂತು. ಗದಗಿನಿಂದ ಹೊರಟು ದಾರಿಯಲ್ಲಿ ಎಷ್ಟೋ ಕಡೆ ವೈರು ಎತ್ತಿ, ಟೊಂಗೆ ಸವರಿ, ನಮ್ಮೂರ ಅಗಸೆಗೆ ಬರುವ ಹೊತ್ತಿಗೆ ಊರೆಲ್ಲ ರಸ್ತೆಯ ಎರಡೂ ಕಡೆ ನಿಂತಿತ್ತು. ನಾನು ಮತ್ತು ಅತ್ತೆ ಹೊಲದಲ್ಲಿದ್ದೆವು. ಅಣ್ಣ ಗುಡ್ಡದ ಮೇಲೆ ತಮ್ಮ ನೆಲದಲ್ಲಿ ಕಾಯಬೇಕಿತ್ತು. ಅಲ್ಲಿರಲಾಗದೆ ಇಳಿದು ಬಂದು ನಮ್ಮ ಪಕ್ಕದಲ್ಲೇ ನಿಂತರು. ಲಾರಿ ನಡೆಯುವ ವೇಗದಲ್ಲಿ ಬಂತು. ಬಾಗಿಗೆ ಬಂದಾಗ ಎಂಜಿನಿಯರ್ ಸಮಾಧಿಯ ಹತ್ತಿರ ನಿಂತು, ಒಂದು ಕೈ ಎತ್ತಿ, ಬಾಲವನ್ನೇ ನೋಡುತ್ತಿದ್ದ. ಬಿಳಿ ರೆಕ್ಕೆಯ ತುದಿ ನಿಧಾನವಾಗಿ ಹೊಲದ ಮೇಲೆ ಹೊರಳಿ, ಇಬ್ಬರ ಸಮಾಧಿಯ ಮೇಲೂ ನೆರಳು ಹಾಯಿಸಿ, ಆ ಕಡೆಗೆ ಸರಿಯಿತು. ಒಂದು ಮಣ್ಣಿನ ಹೆಂಟೆಯೂ ಉರುಳಲಿಲ್ಲ. ಅಣ್ಣ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಲಾರಿಯವನು ಕಿಟಕಿಯಿಂದ ತಲೆ ಹಾಕಿ ನಮ್ಮ ಕಡೆ ನೋಡಿ ನಕ್ಕ.

"ಧೂಳಾ ಎಬ್ಬಸಬ್ಯಾಡ, ನಡಿ ನಡಿ!" ಎಂದು ಅತ್ತೆ ಅವನನ್ನು ಬೈದು ಕಳಿಸಿದರು.

ಫ್ಯಾನು ತಿರುಗಲು ಶುರುವಾಗಿ ಅಣ್ಣನಿಗೆ ಮೊದಲ ಬಾಡಿಗೆ ಬಂದಾಗ ಅವರು ನಮ್ಮ ಪಡಸಾಲೆಗೆ ಬಂದು ಕೂತರು. ಏನು ಕೊಡಲಿ ಎಂದು ಕೇಳಲು ಬಂದವರು ಎಂದು ಮುಖ ನೋಡಿಯೇ ತಿಳಿಯಿತು. ಅವರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ:

"ಅಣ್ಣಾರ, ನನಗ ರೊಕ್ಕಾ ಬ್ಯಾಡ. ಹಿಂಗಾರಿ ಬಿತ್ತಗಿ ದಿನ ನಿಮ್ಮ ಎತ್ತು ಕಟಗೊಂಡು ಬರ್ರಿ. ಗಂಡಾಳು ಸಿಗವಲ್ಲರು. ಹದ ತಪ್ಪಿದ್ರ ವರ್ಷ ತಪ್ಪಿದಂಗ."

"ಒಂದಽ ವರ್ಷ ಅಲ್ಲ, ತಂಗಿ. ನನ್ನ ಕೈಕಾಲ ನಡಿಯೂತನಕ ಬರ್ತೀನಿ."

"ನಿಮ್ಮ ಹೊಲದ ಕೆಲಸಕ್ಕ ನಾನೂ ಬರ್ತೀನಿ."

"ನನ್ನ ಹೊಲದಾಗ ಏನೈತಿ ಕೆಲಸ? ಗಾಳಿ ತಾನಽ ಬರತೈತಿ, ತಾನಽ ಹೋಗತೈತಿ" ಎಂದು ಅವರು ಮನಸ್ಸು ಬಿಚ್ಚಿ ನಕ್ಕರು.

ಹದ ಬಂದ ದಿನ ನಸುಕಿನಲ್ಲೇ ಅವರು ಕೂರಿಗೆ ಹೂಡಿದರು. ನಮ್ಮ ಎತ್ತು ಒಂದು, ಅವರ ಎತ್ತು ಒಂದು. ಮೊದಮೊದಲು ಎರಡೂ ಹೆಜ್ಜೆ ಕೂಡಿಸಲಿಲ್ಲ, ಆಮೇಲೆ ಕೂಡಿಸಿದವು. ನಾನು ಉಡಿಯಲ್ಲಿ ಬಿಳಿಜೋಳ ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಹಿಡಿ ಹಿಡಿಯಾಗಿ ಬಿಡುತ್ತ ಹಿಂದೆ ನಡೆದೆ. ಬೀಜ ಬಿಡುವಾಗ ಕೈ ನಿಲ್ಲಬಾರದು. ನಿಂತರೆ ಅಷ್ಟು ಸಾಲು ಬೋಳಾಗುತ್ತದೆ. ಹೊಲದ ಉದ್ದಕ್ಕೂ ನಡೆದು ಹೊಸ ರಸ್ತೆ ಬಂದಲ್ಲಿ ಅಣ್ಣ ಎತ್ತು ತಿರುಗಿಸಿದರು, "ಹಿಡಕೋ ತಂಗಿ" ಎಂದರು. ಉಡಿಯಲ್ಲಿ ಇನ್ನೂ ಬೀಜ ಇತ್ತು. ಎರಡನೆಯ ಸಾಲು ಹಿಡಿದೆವು.